ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ತೆರಿಗೆ, ಮಕ್ಕಳ ಭತ್ಯೆ ಮತ್ತು ಪಿಂಚಣಿ

ಇಲ್ಲಿನ ಸಂಬಳದ ಚೀಟಿಯಲ್ಲಿ ಆದಾಯ ತೆರಿಗೆಯ ಕೆಳಗೆ ನ್ಯಾಷನಲ್ ಇನ್ಶೂರೆನ್ಸ್ ಎಂಬ ಮತ್ತೊಂದು ಕಡಿತ ಇರುತ್ತದೆ. ಅದನ್ನು ಕಡೆಗಣಿಸಬೇಡಿ, ವೃದ್ಧಾಪ್ಯದಲ್ಲಿ ಸರ್ಕಾರ ಕೊಡುವ ಪಿಂಚಣಿ ನಿಂತಿರುವುದೇ ಅದರ ದಾಖಲೆಯ ಮೇಲೆ. 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ಹೊಸದಾಗಿ ಬಂದವರು ಪೂರ್ಣ ಪಿಂಚಣಿ ಪಡೆಯಲು 35 ವರ್ಷಗಳ ದಾಖಲೆ ಬೇಕು. ಸಾಮಾನ್ಯವಾಗಿ 10 ವರ್ಷವೂ ತುಂಬದವರಿಗೆ ಏನೂ ಸಿಗುವುದಿಲ್ಲ. ಮೂವತ್ತು ದಾಟಿದ ಮೇಲೆ ಬಂದವರಿಗೆ ಒಂದೊಂದು ವರ್ಷವೂ ಅಮೂಲ್ಯ.

ನಮ್ಮವರಲ್ಲಿ ಹೆಚ್ಚು ನಷ್ಟವಾಗುವುದು ಮಕ್ಕಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ತಾಯಂದಿರಿಗೆ. ಸರ್ಕಾರ ಕೊಡುವ ಮಕ್ಕಳ ಭತ್ಯೆಯಾದ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಿದವರ ಹೆಸರಿಗೆ, ಮಗುವಿಗೆ 12 ವರ್ಷ ತುಂಬುವವರೆಗೆ, ದುಡಿಯದಿದ್ದರೂ ಪಿಂಚಣಿಯ ವರ್ಷಗಳು ಜಮೆಯಾಗುತ್ತವೆ. ಗಂಡನ ಆದಾಯ 80,000 ಪೌಂಡ್ ಮೀರಿದರೆ ಭತ್ಯೆಯಷ್ಟೂ ತೆರಿಗೆಯಾಗಿ ವಾಪಸು ಹೋಗುವುದರಿಂದ ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ, ಇದು ತಪ್ಪು. ಹಣ ಬೇಡವೆಂದು ನಮೂದಿಸಿ, ಮನೆಯಲ್ಲಿರುವವರ ಹೆಸರಿನಲ್ಲೇ ಅರ್ಜಿ ಸಲ್ಲಿಸಬಹುದು. ಆದರೆ ವೀಸಾದಲ್ಲಿ ಸಾರ್ವಜನಿಕ ನಿಧಿಯ ಸೌಲಭ್ಯವಿಲ್ಲವೆಂಬ ಷರತ್ತಿದ್ದರೆ, ಕಾಯಂ ವಾಸದ ಅನುಮತಿ ದೊರೆಯುವವರೆಗೆ ಇದಕ್ಕೆ ಕೈ ಹಾಕಬೇಡಿ. ಷರತ್ತು ಮುರಿದರೆ ವೀಸಾಕ್ಕೇ ತೊಂದರೆ.

ಈ ಮಿತಿಗಳು ಸ್ಥಿರವಲ್ಲ. ಭತ್ಯೆ ಕಡಿತವಾಗತೊಡಗುವ ಆದಾಯದ ಮಿತಿ 2013ರಿಂದ 50,000 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 60,000ಕ್ಕೆ ಏರಿತು. ತೆರಿಗೆಯಿಲ್ಲದ 12,570 ಪೌಂಡಿನ ಮಿತಿ ಮಾತ್ರ 2021ರಿಂದ ಕದಲಿಲ್ಲ. ದರ ಏರಿಸದೆಯೇ, ಸಂಬಳ ಹೆಚ್ಚಿದಂತೆಲ್ಲ ತೆರಿಗೆಯ ಪಾಲು ಬೆಳೆಯುವುದು ಹೀಗೆ.

ನಿಯಮ ಬದಲಾದರೆ ಬದುಕಿನ ಲೆಕ್ಕಾಚಾರ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು 1950ರ ದಶಕದಲ್ಲಿ ಹುಟ್ಟಿದ ಇಲ್ಲಿನ ಮಹಿಳೆಯರಲ್ಲಿ ಕಾಣಬಹುದು. 60ಕ್ಕೆ ಪಿಂಚಣಿ ಎಂದು ನಂಬಿ ದುಡಿದವರಲ್ಲಿ ಹಲವರು, 1995 ಮತ್ತು 2011ರ ಕಾಯ್ದೆಗಳಿಂದಾಗಿ, 66ರವರೆಗೆ ಕಾಯಬೇಕಾಯಿತು. ಸಕಾಲದಲ್ಲಿ ತಿಳಿಸಲಿಲ್ಲವೆಂಬ ಅವರ ದೂರು ನನಗೆ ನ್ಯಾಯವಾಗಿಯೇ ಕಾಣುತ್ತದೆ. 2026 ಮತ್ತು 2028ರ ನಡುವೆ ಈ ವಯಸ್ಸು 67ಕ್ಕೇರಲಿದೆ, ಈಗಿನ ಯುವಕರಿಗೆ ಇನ್ನೂ ಹೆಚ್ಚು.

ಮುಂದೆ ಊರಿಗೆ ಮರಳುವ ಯೋಚನೆಯಿದ್ದವರು ಇನ್ನೊಂದನ್ನು ತಿಳಿದಿರಬೇಕು. ಭಾರತದಲ್ಲಿ ನೆಲೆಸಿದರೂ ಈ ಪಿಂಚಣಿ ಬರುತ್ತದೆ, ಆದರೆ ಇಲ್ಲಿರುವವರಿಗೆ ಸಿಗುವ ವಾರ್ಷಿಕ ಏರಿಕೆ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ನಿಮ್ಮ ದಾಖಲೆಯನ್ನು ಸರ್ಕಾರಿ ಜಾಲತಾಣದಲ್ಲಿ ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಿ. ಬಿಟ್ಟುಹೋದ ವರ್ಷಗಳನ್ನು ಹಣ ಕಟ್ಟಿ ತುಂಬಿಕೊಳ್ಳಲು ಸಾಮಾನ್ಯವಾಗಿ ಇರುವುದು ಆರು ವರ್ಷಗಳ ಅವಕಾಶ ಮಾತ್ರ.