ಹವ್ಯಾಸಿ ನಾಟಕ ತಂಡದ ನೇಪಥ್ಯಕ್ಕೆ ಹೊಸದಾಗಿ ಬರುವವರಿಗೆ

ನಾಟಕದ ಕರಪತ್ರದ ಕೊನೆಯಲ್ಲಿ ರಂಗಸಜ್ಜಿಕೆ, ಪರಿಕರ, ವಸ್ತ್ರ, ಪ್ರಸಾಧನ, ಬೆಳಕು, ರಂಗನಿರ್ವಹಣೆ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಹೆಸರುಗಳ ಪೈಕಿ ತಮ್ಮದೂ ಒಂದಿರಲಿ ಎಂದು ಬಯಸುವವರಿಗೆ ರಂಗಶಿಕ್ಷಣದ ಪದವಿಯಾಗಲಿ ನಟನೆಯ ಅನುಭವವಾಗಲಿ ಬೇಕಿಲ್ಲ. ಬೇಕಾದದ್ದು ಒಂದೂವರೆ ಎರಡು ತಿಂಗಳ ಸಂಜೆಗಳು, ಒಪ್ಪಿಕೊಂಡ ಕೆಲಸವನ್ನು ನಡುವೆ ಕೈಬಿಡದ ಅಭ್ಯಾಸ, ಮತ್ತು ಒಂದು ವಸ್ತು ಇರಬೇಕಾದ ಹೊತ್ತಿಗೆ ಇರಬೇಕಾದ ಜಾಗದಲ್ಲಿ ಇದೆಯೇ ಎಂಬ ವಿಷಯದಲ್ಲಿ ತುಸು ಅತಿಯೆನ್ನಿಸುವಷ್ಟು ಕಾಳಜಿ. ನೇಪಥ್ಯದ ಕೆಲಸದ ಮುಕ್ಕಾಲು ಪಾಲು ಈ ಕೊನೆಯದೇ.

ಮೊದಲು ತಂಡವೊಂದನ್ನು ಹುಡುಕಿಕೊಳ್ಳಬೇಕು. ಬೆಂಗಳೂರಿನಲ್ಲಿರುವವರು ರವೀಂದ್ರ ಕಲಾಕ್ಷೇತ್ರ, ರಂಗಶಂಕರ, ಹನುಮಂತನಗರದ ಕೆ.ಎಚ್. ಕಲಾಸೌಧಗಳಲ್ಲಿ ನಾಟಕ ನೋಡುವುದರಿಂದ ಆರಂಭಿಸಬಹುದು. ಮೈಸೂರು, ಧಾರವಾಡ, ಶಿವಮೊಗ್ಗ, ಉಡುಪಿಗಳಲ್ಲಿಯೂ ಹವ್ಯಾಸಿ ತಂಡಗಳಿಗೆ ಕೊರತೆಯಿಲ್ಲ. ಪ್ರದರ್ಶನ ಮುಗಿದ ಮೇಲೆ ನಿರ್ದೇಶಕರ ಸುತ್ತ ಸೇರಿದ ಗುಂಪಿನಲ್ಲಿ ನುಗ್ಗುವ ಬದಲು, ರಂಗದ ಮೇಲೆ ವೈರು ಸುತ್ತುತ್ತಲೋ ಲೆವೆಲ್‌ಗಳನ್ನು (ರಂಗದ ಮೇಲೆ ಎತ್ತರಕ್ಕಾಗಿ ಇಡುವ ಪೀಠಗಳನ್ನು) ಹೊರುತ್ತಲೋ ಇರುವವರ ಬಳಿಗೆ ಹೋಗಿ, “ಸಾರ್, ನಾನೂ ಒಂದು ಕೈ ಹಿಡಿಯಲೇ?” ಎಂದು ಕೇಳುವುದು ನನ್ನ ಅನುಭವದಲ್ಲಿ ಹೆಚ್ಚು ಫಲಕಾರಿ. ಆ ರಾತ್ರಿ ಲಾರಿಗೆ ಸಾಮಾನು ತುಂಬಿದವರನ್ನು ಯಾವ ತಂಡವೂ ಮರೆಯುವುದಿಲ್ಲ.

ತಂಡದವರು ಕರೆದಾಗ ಮುಜುಗರಪಡದೆ ಕೆಲವು ಮಾತುಗಳನ್ನು ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಬೇಕು. ವಾರದಲ್ಲಿ ಯಾವ ಸಂಜೆ ಬರಲು ಸಾಧ್ಯ, ಯಾವ ಸಂಜೆ ಸಾಧ್ಯವೇ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು; ಎಲ್ಲಕ್ಕೂ ಹೂಂ ಎಂದು ಕೊನೆಯ ವಾರದಲ್ಲಿ ಕಾಣೆಯಾಗುವವರಿಗಿಂತ ಎರಡೇ ದಿನ ತಪ್ಪದೆ ಬರುವವರು ತಂಡಕ್ಕೆ ಮೇಲು. ಸಂಭಾವನೆ ಸಾಮಾನ್ಯವಾಗಿ ಚಹಾ ಮತ್ತು ಉಪ್ಪಿಟ್ಟಿನ ರೂಪದಲ್ಲಿರುತ್ತದೆ. ಆದರೆ ಸಾಮಾನು ಕೊಳ್ಳಲು ಹಣವನ್ನು ಯಾರು ಕೊಡುತ್ತಾರೆ, ರಸೀದಿ ಯಾರಿಗೆ ಒಪ್ಪಿಸಬೇಕು, ಪ್ರದರ್ಶನದ ರಾತ್ರಿ ತಡವಾದರೆ ಮನೆಗೆ ಹೋಗುವ ಏರ್ಪಾಡೇನು ಎಂಬುದನ್ನು ಕೇಳುವುದು ಸಣ್ಣತನವಲ್ಲ. ಕೈಯಿಂದ ಹಣ ಹಾಕಿ ಕೇಳಲು ಸಂಕೋಚಪಟ್ಟು, ಕೊನೆಗೆ ತಂಡವನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಮೊದಲ ವಾರ ಕೆಲಸಕ್ಕಿಂತ ನೋಡುವುದೇ ಹೆಚ್ಚಿರಲಿ. ನಾಟಕದ ಪಠ್ಯದ ಒಂದು ಪ್ರತಿಯನ್ನು ನಿಮ್ಮದೇ ಎಂದು ಇಟ್ಟುಕೊಂಡು, ತಾಲೀಮು ನಡೆಯುವಾಗ ಯಾವ ಪಾತ್ರ ಯಾವ ಕಡೆಯಿಂದ ಏನನ್ನು ಹಿಡಿದು ಬರುತ್ತದೆ, ಅದನ್ನು ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಬೇಕು. ಪೆನ್ನು ಬೇಡ, ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ. ರಂಗದ ಎಡ, ಬಲ ಎಂದರೆ ಪ್ರೇಕ್ಷಕರ ಕಡೆ ಮುಖಮಾಡಿ ನಿಂತ ನಟನ ಎಡ, ಬಲ ಎಂಬುದನ್ನು ಈ ವಾರದಲ್ಲೇ ರೂಢಿಸಿಕೊಳ್ಳದಿದ್ದರೆ ಮುಂದೆ ಕುರ್ಚಿ ಒಂದು ಕಡೆ, ಕೂರುವವರು ಇನ್ನೊಂದು ಕಡೆ ಆಗುವುದು ಖಂಡಿತ.

ಹೊಸಬರು ಪರಿಕರಗಳ ಜವಾಬ್ದಾರಿಯನ್ನು ಕೇಳಿ ಪಡೆಯಬೇಕೆಂದು ನಾನು ಹೇಳುತ್ತೇನೆ. ನಟರು ರಂಗದ ಮೇಲೆ ಬಳಸುವ ವಸ್ತುಗಳಿಗೆ ರಂಗಪರಿಕರ ಎಂಬುದು ಕರಪತ್ರದ ಭಾಷೆ. ತಾಲೀಮಿನಲ್ಲಿ ಎಲ್ಲರೂ ಅದನ್ನು ಪ್ರಾಪರ್ಟಿ ಎಂದೇ ಕರೆಯುತ್ತಾರೆ. ಈ ಕೆಲಸಕ್ಕೆ ತಾಂತ್ರಿಕ ಜ್ಞಾನ ಬೇಕಿಲ್ಲ, ಆದರೂ ಇಡೀ ನಾಟಕದ ನಡೆ ಇದರಿಂದ ಕರಗತವಾಗುತ್ತದೆ. ಪರಿಕರಗಳನ್ನು ನೇಪಥ್ಯದ ಮೂಲೆಯಲ್ಲೊಂದು ಚೀಲದಲ್ಲಿ ತುಂಬಿಡುವುದು ಹಲವು ತಂಡಗಳ ರೂಢಿ, ಮತ್ತು ಕೆಟ್ಟ ರೂಢಿ. ಅದರ ಬದಲು ಎಡ ಬಲ ಎರಡೂ ವಿಂಗ್‌ಗಳ (ರಂಗದ ಪಕ್ಕದ ಮರೆಪರದೆಗಳ) ಹಿಂದೆ ಒಂದೊಂದು ಮೇಜು ಹಾಕಿ, ಮೇಲೆ ಬಿಳಿಯ ಹಾಳೆಯನ್ನು ಅಂಟಿಸಿ, ಪ್ರತಿ ವಸ್ತುವನ್ನೂ ಅದರ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯೊಳಗೆ ವಸ್ತುವಿನ ಹೆಸರು, ದೃಶ್ಯದ ಸಂಖ್ಯೆ, ಒಯ್ಯುವ ಪಾತ್ರದ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿಡಬೇಕು. ಆಗ ಮಂದ ಬೆಳಕಿನಲ್ಲಿ ಒಮ್ಮೆ ಕಣ್ಣಾಡಿಸಿದರೂ ಖಾಲಿ ಗೆರೆಯೇ ಎದ್ದು ಕಾಣುತ್ತದೆ, ಏನು ಕಾಣೆಯಾಗಿದೆ ಎಂದು ನೆನಪಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ನಾನು ಇದನ್ನು ಕಲಿತದ್ದು ಒಂದು ಕಾಗದದಿಂದ. ಎರಡನೆಯ ಅಂಕದಲ್ಲಿ ಮಗಳು ತಂದೆಗೆ ಬಂದ ಪತ್ರವನ್ನು ಓದಿ ಹೇಳಬೇಕಿತ್ತು. ಪತ್ರ ಎಡ ಮೇಜಿನ ಬದಲು ನನ್ನ ಜೇಬಿನಲ್ಲಿತ್ತು, ನಾನು ಬಲಗಡೆಯ ವಿಂಗ್‌ನಲ್ಲಿದ್ದೆ. ಆಕೆ ಸೆರಗಿನಲ್ಲಿ, ದಿಂಬಿನ ಕೆಳಗೆ ಹುಡುಕುವಂತೆ ನಟಿಸಿ, ಕೊನೆಗೆ “ಪೋಸ್ಟ್‌ಮ್ಯಾನ್ ಬಾಯಲ್ಲೇ ಹೇಳಿಹೋದನಪ್ಪಾ” ಎಂದು ಇಡೀ ಪತ್ರವನ್ನು ಒಪ್ಪಿಸಿಬಿಟ್ಟರು. ಪ್ರೇಕ್ಷಕರು ನಕ್ಕರು. ಅದು ಸಾವಿನ ಸುದ್ದಿಯ ಪತ್ರ. ಅಂದಿನಿಂದ ಪರಿಕರವನ್ನು ನಾನು ಜೇಬಿಗಿಳಿಸುವುದಿಲ್ಲ, ಮತ್ತು ಮೇಜುಗಳನ್ನು ಮೂರು ಸಲ ಪರೀಕ್ಷಿಸುತ್ತೇನೆ: ಪ್ರೇಕ್ಷಕರನ್ನು ಒಳಬಿಡುವ ಮೊದಲು, ನಾಟಕ ಶುರುವಾಗುವ ಸೂಚನೆಯಾದ ಮೂರನೆಯ ಗಂಟೆ ಬಾರಿಸುವ ಮೊದಲು, ವಿರಾಮದಲ್ಲಿ.

ರಂಗದ ಮೇಲೆ ಹಣತೆ ಹಚ್ಚುವ ದೃಶ್ಯವಿದ್ದರೆ ಬತ್ತಿಯನ್ನು ಮುಂಚೆಯೇ ಎಣ್ಣೆಯಲ್ಲಿ ನೆನೆಸಿ, ತುದಿಯನ್ನು ಒಮ್ಮೆ ಹಚ್ಚಿ ಆರಿಸಿಡಬೇಕು. ಹೊಸ ಬತ್ತಿ ಬೇಗ ಹೊತ್ತಿಕೊಳ್ಳುವುದಿಲ್ಲ. ಬೆಂಕಿಪೊಟ್ಟಣ ಎರಡಿರಲಿ, ವಿಂಗ್‌ನಲ್ಲಿ ಮರಳಿನ ಬಕೆಟ್ ಇರಲಿ, ಬೆಂಕಿಗೆ ಅಲ್ಲಿ ಅವಕಾಶವಿದೆಯೇ ಎಂದು ರಂಗಮಂದಿರದವರನ್ನು ಮೊದಲೇ ವಿಚಾರಿಸಿರಿ. ತಿನ್ನುವ ವಸ್ತು ಒಣಗಿದ್ದಾಗಿದ್ದರೆ ನಟ ಮಾತಿನ ನಡುವೆ ಕೆಮ್ಮುತ್ತಾನೆ. ಚಕ್ಕುಲಿಗಿಂತ ಬಾಳೆಹಣ್ಣು ವಾಸಿ. ಇನ್ನು ಲಾಟೀನು, ಹಿತ್ತಾಳೆ ಚೊಂಬು, ಹಳೆಯ ಟ್ರಂಕುಗಳನ್ನು ಯಾರದೋ ಮನೆಯಿಂದಲೇ ತರಬೇಕಾಗುತ್ತದೆ. ಯಾರಿಂದ, ಯಾವತ್ತು, ಯಾವ ಸ್ಥಿತಿಯಲ್ಲಿ ತಂದದ್ದು ಎಂದು ಪುಸ್ತಕದಲ್ಲಿ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ರಂಗಸಜ್ಜಿಕೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬಡಗಿ ಕೆಲಸ ಬಲ್ಲವರು ತಂಡದಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಕೈಕೆಳಗೆ ಕಲಿಯಬೇಕು. ಮೊಳೆ ಹೊಡೆಯುವ ಬದಲು ಬೋಲ್ಟ್ ಹಾಕಿ, ಪ್ರತಿ ತುಂಡಿಗೂ ಸಂಖ್ಯೆ ಬರೆದರೆ ಬಿಚ್ಚಿ ಕಟ್ಟುವುದು ಸುಲಭ. ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆ 1985ರಲ್ಲಿ ಆರಂಭಿಸಿದ ತಿರುಗಾಟದ ನಾಟಕಗಳನ್ನು ನಿಮ್ಮೂರಿನಲ್ಲಿ ನೋಡುವ ಅವಕಾಶ ಸಿಕ್ಕರೆ ನಾಟಕದ ಜೊತೆಗೆ ಸಜ್ಜಿಕೆಯನ್ನೂ ಗಮನಿಸಿ. ಇಂದು ಒಂದೂರು, ನಾಳೆ ಮತ್ತೊಂದೂರು ಎಂದು ಸಾಗುವ ರಂಗಸಜ್ಜಿಕೆ ಎಷ್ಟು ಹಗುರವಾಗಿರಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬೆಳಕಿನ ಕೆಲಸದ ಸೆಳೆತ ಹೆಚ್ಚು, ಅಪಾಯವೂ ಹೆಚ್ಚು. ಹಳೆಯ ಪಾರ್ ದೀಪವೊಂದು (ಡಬ್ಬಿಯಂಥ ಕವಚದ ರಂಗದೀಪ) ಸಾಮಾನ್ಯವಾಗಿ 1000 ವ್ಯಾಟ್‌ನದು, ಎಂದರೆ 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು. ಗೋಡೆಯ 5 ಆಂಪಿಯರ್ ಪ್ಲಗ್ಗಿಗೆ ಅಂತಹ ಒಂದೇ ದೀಪ, 15 ಆಂಪಿಯರ್ ಪ್ಲಗ್ಗಿಗೆ ಮೂರು. ಹತ್ತು ದೀಪಗಳಿಗೆ 43 ಆಂಪಿಯರ್ ಬೇಕು. ಶಾಲೆಯ ಸಭಾಂಗಣದಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಸಿಕ್ಕಿಸಿ, ನಾಯಕಿಯ ಪ್ರವೇಶಕ್ಕೆ ಸರಿಯಾಗಿ ಫ್ಯೂಸ್ ಹಾರುವುದು ಈ ಲೆಕ್ಕ ಹಾಕದಿದ್ದಾಗ. ಎಲ್‌ಇಡಿ ದೀಪಗಳಿಂದ ಈ ಹೊರೆ ಬಹಳ ಕಡಿಮೆಯಾಗಿದೆ. ಆದರೂ ವಿದ್ಯುತ್ ಸಂಪರ್ಕವನ್ನು ಬಲ್ಲವರೇ ಕೊಡಲಿ. ನೀವು ಏಣಿ ಹಿಡಿಯುವುದರಿಂದ, ಬೆಳಕಿಗೆ ಬಣ್ಣ ಕೊಡುವ ಜೆಲ್ ಹಾಳೆಗಳನ್ನು ಕತ್ತರಿಸುವುದರಿಂದ ಆರಂಭಿಸಿ. ಉರಿದ ಪಾರ್ ದೀಪ ಆರಿದ ಮೇಲೂ ಬಹಳ ಹೊತ್ತು ಕೈ ಸುಡುತ್ತದೆ, ದಪ್ಪ ಕೈಗವಸಿಲ್ಲದೆ ಮುಟ್ಟಬಾರದು.

ವಸ್ತ್ರ ಮತ್ತು ಪ್ರಸಾಧನ ನೋಡಿಕೊಳ್ಳುವವರು ಬೆಳಕಿನವರೊಡನೆ ಮಾತಾಡದೆ ಬಣ್ಣ ನಿರ್ಧರಿಸಬಾರದು. ಗಾಢ ನೀಲಿ ಬೆಳಕಿನಲ್ಲಿ ಕೆಂಪು ಸೀರೆ ಕಪ್ಪಾಗಿ ಕಾಣುತ್ತದೆ, ತುಟಿಯ ಕೆಂಪೂ ಅಷ್ಟೇ. ಪ್ರತಿ ನಟನ ಉಡುಪಿಗೂ ಹೆಸರಿನ ಚೀಟಿ ಇರಲಿ. ಸೂಜಿದಾರ, ಒಂದು ಡಜನ್ ಪಿನ್ನು, ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಮತ್ತು ಹಳೆಯ ಹತ್ತಿಬಟ್ಟೆ ಗ್ರೀನ್ ರೂಮಿನಲ್ಲಿ ಇದ್ದೇ ಇರಬೇಕು.

ಪ್ರದರ್ಶನದ ದಿನ ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ತೊಟ್ಟು, ಸದ್ದು ಮಾಡದ ಚಪ್ಪಲಿ ಮೆಟ್ಟಿ ಬರಬೇಕು. ಬಳೆ, ಕಾಲ್ಗೆಜ್ಜೆ ಮನೆಯಲ್ಲಿರಲಿ. ರಂಗಶಂಕರದಂತಹ ಕಡೆ ಏಳೂವರೆ ಎಂದರೆ ಏಳೂವರೆಯೇ. ತಡವಾಗಿ ಬಂದ ಪ್ರೇಕ್ಷಕರಿಗೆ ಅಲ್ಲಿ ಪ್ರವೇಶವಿಲ್ಲ, ಹಾಗಿರುವಾಗ ನೇಪಥ್ಯದವರು ತಡಮಾಡುವುದು ಹೇಗೆ? ವಿಂಗ್‌ನಲ್ಲಿ ನಿಂತಾಗ ಒಂದು ಸರಳ ಸೂತ್ರವಿದೆ: ನಿಮಗೆ ಪ್ರೇಕ್ಷಕರು ಕಾಣುತ್ತಿದ್ದರೆ ಅವರಿಗೂ ನೀವು ಕಾಣುತ್ತೀರಿ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಫೋನನ್ನು ಸೈಲೆಂಟ್ ಮಾಡಿದರೆ ಸಾಲದು, ಪರದೆಯ ಬೆಳಕು ವಿಂಗ್‌ನ ಬಟ್ಟೆಯ ಮೇಲೆ ಬೀಳುತ್ತದೆ. ಅದನ್ನು ಆರಿಸಿ ಚೀಲದಲ್ಲಿಡಿ.

ದೃಶ್ಯ ಬದಲಾವಣೆಯ ಕತ್ತಲಲ್ಲಿ ಕುರ್ಚಿ ಮೇಜು ಸರಿಸಬೇಕಾದವರು ದೀಪ ಆರುವುದಕ್ಕೆ ಅರ್ಧ ನಿಮಿಷ ಮೊದಲು ಒಂದು ಕಣ್ಣನ್ನು ಮುಚ್ಚಿಕೊಂಡಿರಬೇಕು. ಆರಿದೊಡನೆ ತೆರೆದರೆ ಕತ್ತಲಿಗೆ ತುಸು ಒಗ್ಗಿದ ಆ ಕಣ್ಣಿಗೆ ನೆಲದ ಮೇಲಿನ ಟೇಪಿನ ಗುರುತುಗಳು ಕಾಣುತ್ತವೆ. ಯಾರು ಯಾವ ವಸ್ತುವನ್ನು ಯಾವ ದಾರಿಯಲ್ಲಿ ಒಯ್ಯಬೇಕೆಂಬುದನ್ನು ದೀಪ ಹಚ್ಚಿಟ್ಟೇ ಹತ್ತು ಸಲ ಅಭ್ಯಾಸ ಮಾಡಬೇಕು, ಆಮೇಲೆ ಕತ್ತಲಲ್ಲಿ. ರಂಗದ ಮೇಲೆ ಏನಾದರೂ ಎಡವಟ್ಟಾದರೆ ವಿಂಗ್‌ನಿಂದ ಕೈಸನ್ನೆ ಮಾಡುತ್ತ ನಟರನ್ನು ಗಾಬರಿಪಡಿಸದೆ ರಂಗನಿರ್ವಾಹಕರ ಕಡೆ ನೋಡಿ. ಆ ಸಂಜೆ ಅವರ ಮಾತೇ ಕೊನೆಯ ಮಾತು, ನಿರ್ದೇಶಕರದ್ದಲ್ಲ. ಆದರೆ ಯಾರಿಗಾದರೂ ಪೆಟ್ಟಾಗಿದ್ದರೆ, ಎಲ್ಲಾದರೂ ಬೆಂಕಿ ಕಂಡರೆ ಕಾಯಬಾರದು, ಕೂಗಿ ಹೇಳಬೇಕು.

ಚಪ್ಪಾಳೆ ಮುಗಿದು ನಟರು ಬಂಧುಬಳಗದವರೊಡನೆ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ನಿಮ್ಮ ಎರಡನೆಯ ಪಾಳಿ ಆರಂಭವಾಗುತ್ತದೆ. ಒಡೆಯುವಂಥವು ಮೊದಲು, ಬಟ್ಟೆ ಆಮೇಲೆ, ಲೆವೆಲ್‌ಗಳು ಕೊನೆಗೆ. ಮೇಜಿನ ಹಾಳೆಯನ್ನು ಹರಿಯದೆ ಸುತ್ತಿಟ್ಟರೆ ಮರುಪ್ರದರ್ಶನಕ್ಕೆ ಬರುತ್ತದೆ. ಮಾರನೆಯ ದಿನವೇ ಪುಸ್ತಕ ತೆರೆದು, ತಂದ ಸಾಮಾನುಗಳನ್ನು ಒಂದೊಂದಾಗಿ ಹಿಂದಿರುಗಿಸಿ ಹೆಸರಿನ ಮುಂದೆ ಗೆರೆ ಎಳೆಯಿರಿ. ಲಾಟೀನನ್ನು ಕೊಡುವ ಮೊದಲು ಅದರ ಗಾಜಿಗೆ ಹಿಡಿದ ಮಸಿಯನ್ನು ಒರೆಸಿ. ಮುಂದಿನ ನಾಟಕಕ್ಕೂ ಆ ಮನೆಯ ಬಾಗಿಲನ್ನೇ ತಟ್ಟಬೇಕಾಗುತ್ತದೆ.