ಉಕ್ಕಿನ ಒಳರಚನೆ ನೋಡಲು ಮಾದರಿಯನ್ನು ಸಿದ್ಧಪಡಿಸುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಇಂಜಿನಿಯರಿಂಗ್ ವಿಭಾಗವಿರಲಿ, ಸುರತ್ಕಲ್‌ನ ಎನ್‌ಐಟಿಕೆಯ ಲೋಹಶಾಸ್ತ್ರ ವಿಭಾಗವಿರಲಿ, ಈ ವಿಷಯ ಕಲಿಯಲು ಬಂದವರು ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುವ ಕೆಲಸವನ್ನು ಕಲಿಯದೆ ಮುಂದೆ ಹೋಗುವಂತಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ವಿಜ್ಞಾನಿ ಹೆನ್ರಿ ಕ್ಲಿಫ್ಟನ್ ಸೋರ್ಬಿ 1860ರ ದಶಕದಲ್ಲಿ ತೋರಿಸಿಕೊಟ್ಟ ಈ ವಿಧಾನದ ಹಂತಗಳು ಇಂದಿಗೂ ಹೆಚ್ಚು ಬದಲಾಗಿಲ್ಲ. ಇಲ್ಲಿ 0.4 ಶೇಕಡಾ ಇಂಗಾಲವಿರುವ ಸಾಧಾರಣ ಉಕ್ಕನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮಾದರಿಯನ್ನು ಕತ್ತರಿಸುವಾಗ ತಂಪುದ್ರವ ಧಾರಾಳವಾಗಿ ಹರಿಯುತ್ತಿರಬೇಕು. ಅಂಚು ನೀಲಿಗಟ್ಟಿದರೆ ಅಲ್ಲಿನ ರಚನೆ ಶಾಖದಿಂದ ಕೆಟ್ಟಿದೆ ಎಂದೇ ತಿಳಿದು ಮತ್ತೆ ಕತ್ತರಿಸಿ. ತುಂಡು ಚಿಕ್ಕದಾಗಿದ್ದರೆ ಬೇಕಲೈಟ್‌ನಲ್ಲಿ (ಬಿಸಿ, ಒತ್ತಡದಲ್ಲಿ ಗಟ್ಟಿಯಾಗುವ ಪ್ಲಾಸ್ಟಿಕ್) ಕೂರಿಸಿಕೊಳ್ಳಿ. ಅಚ್ಚುಯಂತ್ರದ ಬಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಷ್ಟಿರುವುದರಿಂದ, ಆಗಷ್ಟೇ ತಣಿಸಿ ಗಟ್ಟಿಮಾಡಿದ ಉಕ್ಕಿಗೆ ಬಿಸಿ ಮಾಡದೆಯೇ ಗಟ್ಟಿಯಾಗುವ ರಾಳವೇ ಕ್ಷೇಮ.

ನಿಜವಾದ ಪರೀಕ್ಷೆ ಇರುವುದು ಉಜ್ಜುವುದರಲ್ಲಿ. ಸಿಲಿಕಾನ್ ಕಾರ್ಬೈಡ್ ಉಜ್ಜುಕಾಗದವನ್ನು 220ರ ಗ್ರಿಟ್‌ನಿಂದ (ಸಂಖ್ಯೆ ಹೆಚ್ಚಿದಷ್ಟೂ ಕಣ ನಯ) ಆರಂಭಿಸಿ 400, 600, 800, 1200 ಎಂದು ನಯವಾಗಿಸುತ್ತ ಹೋಗಬೇಕು. ಪ್ರತಿ ಕಾಗದಕ್ಕೂ ಮಾದರಿಯನ್ನು 90 ಡಿಗ್ರಿ ತಿರುಗಿಸಿ, ಒಂದೇ ದಿಕ್ಕಿನಲ್ಲಿ, ನೀರು ಹರಿಸುತ್ತ ಉಜ್ಜಬೇಕು. ಹಿಂದಿನ ಗೀರುಗಳು ಮಾಯವಾದ ಕೂಡಲೇ ನಿಲ್ಲಿಸುವುದು ಬಹುತೇಕರ ತಪ್ಪು. ಗೀರು ಹೋದರೂ ಅದರ ಕೆಳಗೆ ನಜ್ಜುಗುಜ್ಜಾದ ಪದರ ಉಳಿದಿರುತ್ತದೆ, ಆದ್ದರಿಂದ ಅಷ್ಟೇ ಹೊತ್ತು ಇನ್ನೊಮ್ಮೆ ಉಜ್ಜಿ. ಕಾಗದ ಬದಲಿಸುವ ಮುನ್ನ ಮಾದರಿಯನ್ನಷ್ಟೇ ಅಲ್ಲ, ಕೈಯನ್ನೂ ಉಗುರುಸಂದಿಯನ್ನೂ ತೊಳೆಯಿರಿ, ಏಕೆಂದರೆ 220ರ ಒಂದು ಕಣ 1200ರ ಮೇಲೆ ಬಿದ್ದರೆ ಅರ್ಧ ಗಂಟೆಯ ಶ್ರಮ ನೀರುಪಾಲು. ನನ್ನ ಮೊದಲ ಮಾದರಿಯಲ್ಲಿ ಸಾಲುಸಾಲಾಗಿ ಕಂಡ ಗೆರೆಗಳನ್ನು ಲೋಹದೊಳಗಿನ ಜಾರುಪಟ್ಟಿಗಳೆಂದು (ಲೋಹ ಬಾಗಿದಾಗ ಹರಳಿನೊಳಗೆ ಪದರಗಳು ಜಾರಿ ಮೂಡುವ ಗೆರೆಗಳು) ಹೆಮ್ಮೆಯಿಂದ ಚಿತ್ರಿಸಿಕೊಂಡಿದ್ದೆ. ಅವು ಹರಳಿನ ಗಡಿಯನ್ನು ಲೆಕ್ಕಿಸದೆ ಕಣ್ಣಳತೆಯ ಉದ್ದಕ್ಕೂ ನೇರವಾಗಿ ಸಾಗಿದ್ದವು, ಅಂದರೆ ಅವು ಬರೀ ಕಾಗದದ ಗೀರುಗಳು.

ಆಮೇಲೆ ಬಟ್ಟೆ ಹೊದಿಸಿದ ಚಕ್ರದ ಮೇಲೆ 3 ಮೈಕ್ರಾನ್, ನಂತರ 1 ಮೈಕ್ರಾನ್ ವಜ್ರದ ಪೇಸ್ಟಿನಿಂದ ಹೊಳಪು ಕೊಡಿ. ಎರಡಕ್ಕೂ ಬೇರೆ ಬೇರೆ ಬಟ್ಟೆ ಇರಲಿ. ಮಾದರಿಯನ್ನು ಒಂದೇ ಭಂಗಿಯಲ್ಲಿ ಹಿಡಿದರೆ ಸೇರ್ಪಡೆ ಕಣಗಳ (ಉಕ್ಕಿನೊಳಗೆ ಸಿಕ್ಕಿಕೊಂಡ ಕಲ್ಮಶಗಳ) ಹಿಂದೆ ಧೂಮಕೇತುವಿನಂಥ ಬಾಲ ಮೂಡುತ್ತದೆ. ಚಕ್ರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತಿದ್ದರೆ ಅದು ತಪ್ಪುತ್ತದೆ.

ಎಚ್ಚಿಂಗ್‌ಗೆ, ಅಂದರೆ ಒಳರಚನೆ ಎದ್ದು ಕಾಣುವಂತೆ ಮೈಯನ್ನು ಆಮ್ಲದಿಂದ ತುಸು ಕೊರೆಯಲು, 2 ಶೇಕಡಾ ನೈಟಾಲ್ ಸಾಕು. 98 ಮಿಲಿಲೀಟರ್ ಎಥನಾಲ್‌ಗೆ 2 ಮಿಲಿಲೀಟರ್ ಸಾಂದ್ರ ನೈಟ್ರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ಎಥನಾಲ್ ಸುರಿಯಬಾರದು. ಕನ್ನಡಕ, ಕೈಗವಸು ಧರಿಸಿ ಫ್ಯೂಮ್ ಹುಡ್‌ನೊಳಗೇ (ಹೊಗೆಯನ್ನು ಹೊರಗೆಳೆಯುವ ಗೂಡು) ಈ ಕೆಲಸ ಮಾಡಿ, ಅಂದಿಗೆ ಬೇಕಾದಷ್ಟನ್ನೇ ಬೆರೆಸಿ, ಉಳಿದುದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಕೂಡಿಡಬೇಡಿ. ಒಳಗೆ ಅನಿಲ ಉಂಟಾಗಿ ಬಾಟಲಿ ಸಿಡಿಯಬಹುದು. ಮಾದರಿಯನ್ನು ಅದ್ದಿ ಕಣ್ಣಿಟ್ಟು ನೋಡುತ್ತಿರಿ: ಕೆಲವೇ ಸೆಕೆಂಡುಗಳಲ್ಲಿ ಕನ್ನಡಿಯ ಹೊಳಪು ಮಂಕಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣವೇ ಹೊರತೆಗೆದು ನೀರಿನಲ್ಲೂ ಬಳಿಕ ಎಥನಾಲ್‌ನಲ್ಲೂ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ.

ಸೂಕ್ಷ್ಮದರ್ಶಕದಲ್ಲಿ ಬಿಳಿಯಾಗಿ ಕಾಣುವುದು ಫೆರೈಟ್ (ಬಹುತೇಕ ಶುದ್ಧ ಕಬ್ಬಿಣ), ಕಪ್ಪಾಗಿ ಕಾಣುವುದು ಪರ್ಲೈಟ್ (ಫೆರೈಟ್ ಮತ್ತು ಸಿಮೆಂಟೈಟ್ ಎಂಬ ಕಬ್ಬಿಣ-ಇಂಗಾಲದ ಸಂಯುಕ್ತದ ಒಂದರ ಮೇಲೊಂದು ಪದರಗಳು). ಮೊದಲು 100 ಪಟ್ಟು ಹಿಗ್ಗಿಸಿ ಇಡೀ ಮೈಯನ್ನು ನೋಡಿ, ಆಮೇಲಷ್ಟೇ 500ಕ್ಕೆ ಹೋಗಿ. ಆಗ ಕಪ್ಪು ಪ್ರದೇಶದೊಳಗಿನ ಸಿಮೆಂಟೈಟ್‌ನ ತೆಳು ಪದರಗಳು ಅಲ್ಲಲ್ಲಿ ಬಿಡಿಸಿ ಕಾಣಬಹುದು. ಕುಲುಮೆಯಲ್ಲಿ ನಿಧಾನವಾಗಿ ತಣಿದ ಈ ಉಕ್ಕಿನಲ್ಲಿ ಪರ್ಲೈಟ್ ಸರಿಸುಮಾರು ಅರ್ಧದಷ್ಟಿರಬೇಕೆಂದು ಕಬ್ಬಿಣ-ಇಂಗಾಲದ ಹಂತನಕ್ಷೆಯಿಂದಲೇ (ಯಾವ ಉಷ್ಣತೆ, ಇಂಗಾಲದ ಪ್ರಮಾಣಕ್ಕೆ ಯಾವ ರಚನೆ ಎಂದು ತೋರಿಸುವ ನಕ್ಷೆ) ಲೆಕ್ಕ ಹಾಕಬಹುದು. ನಿಮ್ಮ ಚಿತ್ರದಲ್ಲಿ ಮುಕ್ಕಾಲು ಭಾಗ ಕಪ್ಪಾಗಿದ್ದರೆ ಉಕ್ಕನ್ನು ದೂರುವ ಮೊದಲು ಎಚ್ಚಿಂಗ್ ಅತಿಯಾಯಿತೇ ಎಂದು ಅನುಮಾನಿಸಿ. ಹಾಗಾಗಿದ್ದರೆ 220ಕ್ಕೆ ಮರಳಬೇಕಾಗಿಲ್ಲ, 1 ಮೈಕ್ರಾನ್ ಬಟ್ಟೆಯ ಮೇಲೆ ಮತ್ತೆ ಹೊಳಪು ಕೊಟ್ಟು, ಈ ಸಲ ಅರ್ಧದಷ್ಟೇ ಹೊತ್ತು ಅದ್ದಿ ನೋಡಿ.