ಕ್ವೆರಿಸೆಲೆಕ್ಟರ್‌ಆಲ್ ಬೇಡದ ಸ್ಪ್ಯಾನ್‌ಗಳನ್ನೂ ಹಿಡಿಯುತ್ತಿದ್ದರೆ

ನಮ್ಮ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಪುಟದ ಭಾಗಗಳನ್ನು ಹುಡುಕಿ ಕೊಡುವ ಜೆಕ್ವೆರಿ ಎಂಬ ಲೈಬ್ರರಿಯ ‘ಫೈಂಡ್’ ತೆಗೆದು, ಅದೇ ಕೆಲಸಕ್ಕೆ ಬ್ರೌಸರಿನದೇ ‘ಕ್ವೆರಿಸೆಲೆಕ್ಟರ್‌ಆಲ್’ ಬಳಸಿದ ಮೇಲೆ ಈ ತೊಂದರೆ ಶುರುವಾಯಿತು. ಕಾರ್ಡ್ ಎಂಬ ಡಿವ್ (ಪುಟದ ಒಂದು ಚೌಕಟ್ಟು) ಒಳಗೆ ‘ಡಿವ್ ಸ್ಪ್ಯಾನ್’, ಅಂದರೆ ಯಾವುದಾದರೂ ಡಿವ್ ಒಳಗಿರುವ ಸ್ಪ್ಯಾನ್ (ಪಠ್ಯದ ತುಣುಕನ್ನು ಸುತ್ತುವ ಟ್ಯಾಗ್) ಹುಡುಕಿದರೆ, ಒಳಗೆ ಬೇರೆ ಡಿವ್ ಇಲ್ಲದಿದ್ದರೂ ನೇರವಾಗಿ ಕೂತಿದ್ದ ಸ್ಪ್ಯಾನ್ ಸಿಗುತ್ತಿತ್ತು.

ಕ್ಯಾಶ್ ಅಳಿಸಿದ್ದು, ಬ್ರೌಸರ್ ಬದಲಿಸಿದ್ದು, ಪುಟ ಪೂರ್ತಿ ಲೋಡ್ ಆಗುವವರೆಗೆ ಕಾಯಿಸಿದ್ದು, ಯಾವುದೂ ಫಲ ಕೊಡಲಿಲ್ಲ. ಏನು ಹುಡುಕಬೇಕೆಂದು ಹೇಳುವ ಸೆಲೆಕ್ಟರನ್ನು ‘>’ ಚಿಹ್ನೆಯಿಂದ (ನೇರವಾಗಿ ಒಳಗಿರುವವು ಎಂಬ ಅರ್ಥ) ಆರಂಭಿಸಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರಹದ ನಿಯಮ ತಪ್ಪಿದ ದೋಷ, ಬರುತ್ತದೆ.

ಒಂದು ಡಿವ್, ಅದರೊಳಗೆ ಒಂದು ಸ್ಪ್ಯಾನ್ ಮಾತ್ರ ಇರುವ ಖಾಲಿ ಪುಟ ಮಾಡಿ ಬ್ರೌಸರಿನ ಕನ್ಸೋಲಿನಲ್ಲಿ (ಕೋಡ್ ಬರೆದು ನೋಡುವ ಜಾಗ) ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಬ್ರೌಸರ್ ಸೆಲೆಕ್ಟರನ್ನು ಇಡೀ ಪುಟಕ್ಕೆ ಹೊಂದಿಸಿ ನೋಡುತ್ತದೆ. ಆಮೇಲೆ ಕಾರ್ಡ್ ಒಳಗಿನವನ್ನಷ್ಟೇ ಸೋಸಿ ಕೊಡುತ್ತದೆ. ಹಾಗಾಗಿ ಕಾರ್ಡ್ ಕೂಡ, ಅದರ ಹೊರಗಿನ ಡಿವ್ ಕೂಡ ‘ಡಿವ್’ ಎಂಬ ಭಾಗಕ್ಕೆ ಹೊಂದಿಕೊಳ್ಳುತ್ತದೆ. ಜೆಕ್ವೆರಿ ಹುಡುಕಾಟವನ್ನು ತಾನೇ ಕಾರ್ಡ್ ಒಳಭಾಗಕ್ಕೆ ಕಟ್ಟಿಹಾಕುತ್ತಿತ್ತು.

ಪರಿಹಾರ: ‘:ಸ್ಕೋಪ್ ಡಿವ್ ಸ್ಪ್ಯಾನ್’. ಇಲ್ಲಿ ‘:ಸ್ಕೋಪ್’ ಅಂದರೆ ಹುಡುಕಾಟ ಶುರುವಾದ ಭಾಗ, ಅಂದರೆ ಕಾರ್ಡ್. ನೇರ ಮಕ್ಕಳಷ್ಟೇ ಬೇಕಿದ್ದರೆ ‘:ಸ್ಕೋಪ್ > ಸ್ಪ್ಯಾನ್’. ಹಲವು ಸೆಲೆಕ್ಟರುಗಳನ್ನು ಬೇರ್ಪಡಿಸುವ ಅಲ್ಪವಿರಾಮವಿದ್ದರೆ ಪ್ರತಿ ಭಾಗದ ಮುಂದೆಯೂ ‘:ಸ್ಕೋಪ್’ ಬೇಕೇ ಬೇಕು. ಮೊದಲನೆಯದಕ್ಕೆ ಮಾತ್ರ ಹಾಕಿದರೆ ಉಳಿದವು ಹಳೆಯ ಹಾಗೆಯೇ ನಡೆದುಕೊಳ್ಳುತ್ತವೆ. ಆದರೆ ಅಲ್ಪವಿರಾಮ ಕಂಡಲ್ಲೆಲ್ಲ ಕುರುಡಾಗಿ ತುಂಡರಿಸಬೇಡಿ. ಹಲವು ಆಯ್ಕೆಗಳನ್ನು ಒಟ್ಟಿಗೆ ಕೊಡುವ ‘:ಈಸ್’ನ ಆವರಣದೊಳಗೂ ಟ್ಯಾಗಿನ ಆಟ್ರಿಬ್ಯೂಟ್ ಮೌಲ್ಯಗಳಲ್ಲೂ ಅದು ಇರಬಹುದು.